ವಾದ್ಯ ಬಂತು, ಹಾಡುವವರು ಬರಲಿಲ್ಲ

೨೦೦೩ರಲ್ಲಿ ನಾನು ಗಂಗಾವತಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವೀಸ್ ಇಂಜಿನಿಯರ್ ಆಗಿದ್ದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಕಡೆ ನಾವು ಮಾರಿದ ಯಂತ್ರ ಕೆಟ್ಟರೆ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುವುದು ನನ್ನ ಕೆಲಸ. ದಸರಾ ರಜೆಯಲ್ಲಿ ಯಲಬುರ್ಗಾದಿಂದ ಫೋನು ಬಂತು.

“ಸ್ಪೀಕರ್‌ನ್ಯಾಗ ಆವಾಜ್ ಬರ್ತೈತ್ರಿ. ಆದ್ರ ಕಂಪ್ಯೂಟರ್ ಮಾತಾಡವಲ್ದು.”

ಎರಡೂ ಒಟ್ಟಿಗೆ ನಿಜವಾಗುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಫೋನು ಮಾಡಿದವರು ಕಿರಾಣಿ ವ್ಯಾಪಾರಿ ಬಸಪ್ಪ. ಅವರ ಹೆಂಡತಿ ಗೌರಮ್ಮ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ನಲವತ್ತು ದಾಟಿದ ಮೇಲೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿದ್ದವು. ಪಾಠ ಬಾಯಲ್ಲೇ ನಡೆಯುತ್ತಿತ್ತು, ಪ್ರಶ್ನೆಪತ್ರಿಕೆ ಮಾತ್ರ ಬೇರೆಯವರು ಬರೆದುಕೊಡಬೇಕಿತ್ತು. ರಜೆ ಮುಗಿಯುವುದರೊಳಗೆ ಅದನ್ನೂ ತಾವೇ ತಯಾರಿಸಿ ತೋರಿಸಬೇಕು, ಇಲ್ಲವಾದರೆ ಕೆಲಸ ಬಿಡಬೇಕು ಎಂದು ಶಾಲೆಯವರು ಹೇಳಿದ್ದರು. ಅದಕ್ಕಾಗಿಯೇ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಹಾಕಿಸಿದ್ದರು. ಒತ್ತಿದ ಅಕ್ಷರವನ್ನೂ ಪರದೆಯ ಸಾಲನ್ನೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುವ ತಂತ್ರಾಂಶ ಅದು.

ನಾನು ಹೋಗಿ ಮೊದಲು ಸೌಂಡ್ ಕಾರ್ಡ್ ನೋಡಿದೆ. ಕಂಪ್ಯೂಟರಿನಿಂದ ಧ್ವನಿಯನ್ನು ಹೊರಗೆ ಕಳಿಸುವುದು ಅದೇ. ಗುಲಾಬಿ ತೂತು ಮೈಕಿಗೆ, ಹಸಿರು ಸ್ಪೀಕರಿಗೆ. ಕೇಬಲ್ ಹಸಿರಿನಲ್ಲೇ ಇತ್ತು. ಒಂದು ಚಿತ್ರಗೀತೆ ಹಾಕಿದೆ. ಕೊಳಲು, ತಬಲಾ ಎಲ್ಲ ಬಂತು, ಅಷ್ಟು ಸಾಕೆಂದು ನಿಲ್ಲಿಸಿದೆ.

“ನೋಡ್ರಿ, ಛಲೋ ಬರ್ತೈತಿ!” ಎಂದರು ಬಸಪ್ಪ.

ಗೌರಮ್ಮ ಸ್ಪೀಕರಿನ ಹತ್ತಿರ ಕಿವಿ ತಂದರು. ನಾನು ಸ್ಕ್ರೀನ್ ರೀಡರ್ ಓಡಿಸಿದೆ. ಸದ್ದಿಲ್ಲ. ತಂತ್ರಾಂಶವೇ ಕೆಟ್ಟಿದೆ ಎಂದುಕೊಂಡು ತೆಗೆದು ಮತ್ತೆ ಹಾಕಿದೆ. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಬದಲಾಯಿಸಿದೆ. ಕಾರ್ಡ್ ಕಳಚಿ ಒರೆಸಿ ಕೂಡಿಸಿದೆ. ಪ್ರತಿ ಸಲವೂ ಹಾಡು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಕೇಬಲ್ ಮೇಲೆ ಅನುಮಾನವೇ ಬರಲಿಲ್ಲ. ಅದು ಕೆಟ್ಟಿದ್ದರೆ ಹಾಡಾದರೂ ಹೇಗೆ ಕೇಳಬೇಕು?

ಬಸಪ್ಪ ಚಹಾ ತರಲು ಒಳಗೆ ಹೋದಾಗ ಗೌರಮ್ಮ ತಗ್ಗಿದ ದನಿಯಲ್ಲಿ ಕೇಳಿದರು.

“ತಮ್ಮಾ, ಖರೇ ಹೇಳು. ಹಾಡವ್ರ ದನಿ ನಿನಗ ಕೇಳಸ್ತೈತೇನು?”

ನಾನು ಹಾಡನ್ನು ಮತ್ತೆ ಹಾಕಿ ಕಿವಿಗೊಟ್ಟೆ. ವಾದ್ಯಗಳೆಲ್ಲ ಇದ್ದವು, ಹಾಡುವವರು ಇರಲೇ ಇಲ್ಲ.

“ಇಲ್ರೀ ಅಕ್ಕೋರ. ನನಗೂ ಕೇಳವಲ್ದು.”

ಅವರು ನೆಮ್ಮದಿಯ ಉಸಿರು ಬಿಟ್ಟರು. “ಕಣ್ಣಿನ ಹಿಂದ ಕಿವಿನೂ ಹೊಂಟ್ವೇನೋ ಅಂತ ಹೆದರಿದ್ದೆ. ಇವ್ರು ಛಲೋ ಬರ್ತೈತಿ ಅಂತಾರ. ಯಾರಿಗೆ ಹೇಳ್ಲಿ?”

ನನ್ನ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಹಾಡಿನಿಂದ ದನಿಯನ್ನಷ್ಟೇ ಕದಿಯುವ ಯಂತ್ರವನ್ನು ನಾನು ಕಂಡಿರಲಿಲ್ಲ. ಪಕ್ಕದ ಮನೆಯ ವಾಕ್‌ಮನ್‌ನ ಇಯರ್‌ಫೋನ್ ತಂದು ಹಸಿರು ತೂತಿಗೆ ಸಿಕ್ಕಿಸಿದೆ. ಹಾಡುವವರ ದನಿ ಸ್ಪಷ್ಟವಾಗಿ ಕೇಳಿತು. ಹಾಗಾದರೆ ಕಾರ್ಡಿನ ತಪ್ಪಲ್ಲ. ಎರಡು ಪಿನ್ನುಗಳನ್ನು ಪಕ್ಕಪಕ್ಕ ಹಿಡಿದು ನೋಡಿದೆ. ಇಯರ್‌ಫೋನ್ ಪಿನ್ನಿಗೆ ಎರಡು ಕಪ್ಪು ಉಂಗುರ, ಸ್ಪೀಕರ್ ಕೇಬಲ್ಲಿಗೆ ಮೂರು.

“ಈ ಕೇಬಲ್ ಎಲ್ಲಿಂದ ಬಂತ್ರಿ?”

“ಅದು ವಿಸಿಡಿ ಪ್ಲೇಯರಿಂದು,” ಎಂದರು ಚಹಾ ಹಿಡಿದು ಬಂದ ಬಸಪ್ಪ. “ಸ್ಪೀಕರ್ ಸಂಗಾಟ ಬಂದಿದ್ದು ಗಿಡ್ಡ ಆತು. ಇದು ಉದ್ದ ಇತ್ತು, ಸರಿಯಾಗಿ ಕೂತಿತು, ಹಾಕಿದೆ.”

ಮೂರು ಉಂಗುರದ ಪಿನ್ನು ಟಿವಿಗೆ ಚಿತ್ರವನ್ನೂ ಒಯ್ಯುವಂಥದು. ಸೌಂಡ್ ಕಾರ್ಡಿನಲ್ಲಿ ಕೂತರೂ ಅದರ ಗ್ರೌಂಡ್, ಅಂದರೆ ಎಡ-ಬಲ ಸ್ಪೀಕರುಗಳೆರಡಕ್ಕೂ ಸೇರಿದ ತಂತಿ, ಸರಿಯಾದ ಜಾಗಕ್ಕೆ ತಾಗುವುದಿಲ್ಲ. ಆಗ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ ಕೇಳುತ್ತದೆ. ವಾದ್ಯಗಳು ಆಚೀಚೆ ಹಂಚಿರುವುದರಿಂದ ಉಳಿಯುತ್ತವೆ. ಎರಡೂ ಕಡೆ ಸಮನಾಗಿರುವ ಮನುಷ್ಯರ ದನಿ ಅಳಿಸಿಹೋಗುತ್ತದೆ. ಸ್ಕ್ರೀನ್ ರೀಡರಿನ ಮಾತು ಎರಡೂ ಕಡೆ ಒಂದೇ, ಅದಕ್ಕೇ ಪೂರ್ತಿ ಮಾಯ.

ಗಿಡ್ಡ ಕೇಬಲನ್ನು ಅಟ್ಟದಿಂದ ಇಳಿಸಿ, ಸ್ಪೀಕರುಗಳನ್ನು ಹತ್ತಿರ ಸರಿಸಿ ಜೋಡಿಸಿದೆ. ಗೌರಮ್ಮ ಕೀಲಿಗಳನ್ನು ತಡವಿ ಒಂದು ಅಕ್ಷರ ಒತ್ತಿದರು. ‘ಜಿ’ ಎಂದಿತು ಕಂಪ್ಯೂಟರ್. ಅವರು ಕೈ ಹಿಂದೆಳೆದುಕೊಂಡರು. ಮತ್ತೆ ಪೂರ್ತಿ ಹೆಸರು ಒತ್ತಿದರು. ಅದು ‘ಗೌರಾಮಾ’ ಎಂದು ಓದಿತು.

“ಏ, ನೆಟ್ಟಗ ಓದು!” ಎಂದು ಗದರಿಸಿ, ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

ಶಾಲೆ ತೆರೆದ ಮೇಲೆ ಬಸಪ್ಪ ಫೋನು ಮಾಡಿದರು. ಗೌರಮ್ಮ ಶಾಲೆಯವರ ಎದುರಿಗೇ ಕೂತು ಪ್ರಶ್ನೆಪತ್ರಿಕೆ ತಯಾರಿಸಿದ್ದರಂತೆ, ಕೆಲಸ ಉಳಿದಿತ್ತು.

ತೂತಿನಲ್ಲಿ ಕೂತ ಪಿನ್ನೆಲ್ಲ ಸಂಬಂಧ ಕೂಡಿಸುವುದಿಲ್ಲ ಎಂಬುದು ಆ ದಿನ ಕಲಿತ ಪಾಠ. ಇನ್ನೊಂದು ಪಾಠ ಯಂತ್ರದ್ದಲ್ಲ. ರಿಪೇರಿಗೆ ಹೋದಲ್ಲಿ ಚೀಲ ಬಿಚ್ಚುವ ಮುಂಚೆ, ಯಂತ್ರವನ್ನು ಬಳಸುವವರ ಪಕ್ಕ ಕೂತು ಕೇಳುತ್ತೇನೆ: “ನಿಮಗ ಏನು ಕೇಳಸ್ತೈತಿ, ಹೇಳ್ರಿ.”