ಇಟಲಿಯ ಕೈದಿಗೆ ಕೇಳಿದ ಪ್ರಶ್ನೆ

ನಾಡಿ ನೋಡಲು ಹೋದರೆ ಆ ಬಿಳಿಯ ಕೈದಿ ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು "ಮೋಲ್ಯೆ, ಮೋಲ್ಯೆ" ಎಂದು ಅಳತೊಡಗಿದ. ಧಾರವಾಡ ಬಿಟ್ಟು ಪುಣೆಗೆ ಬಂದು ನಾನು ದಾದಿಯ ಕೆಲಸ ಕಲಿತಿದ್ದೆ, ಮರಾಠಿ ಕಲಿತಿದ್ದೆ. ಯುದ್ಧವು ಖಡಕಿಯ ಮಿಲಿಟರಿ ಆಸ್ಪತ್ರೆಗೆ ತಂದು ಹಾಕಿದ ಈ ಇಟಲಿಯವನ ಮಾತು ಮಾತ್ರ ಒಂದಕ್ಷರವೂ ತಿಳಿಯಲಿಲ್ಲ.

ಕೈದಿಗಳನ್ನು ನೋಡಲು ಬರುತ್ತಿದ್ದ ಗೋವೆಯ ಪಾದ್ರಿಗಳಿಗೆ ಆ ಭಾಷೆ ಗೊತ್ತಿತ್ತು. ಮೋಲ್ಯೆ ಎಂದರೆ ಹೆಂಡತಿಯಂತೆ. ಲಗ್ನವಾಗಿದೆಯೇ ಎಂದು ಗೆಳೆಯನನ್ನಾದರೆ "ಸೇಯಿ ಸ್ಪೊಸಾತೊ?" ಎನ್ನಬೇಕು, ಗೌರವದಿಂದಾದರೆ "ಲೇಯಿ ಎ ಸ್ಪೊಸಾತೊ?" ನಮ್ಮ 'ರೀ' ಅಲ್ಲಿಯೂ ಇದೆಯಲ್ಲ ಎಂದು ಖುಷಿಯಾಯಿತು. ಗೌರವದ ಮಾತನ್ನೇ ಬಾಯಿಪಾಠ ಮಾಡಿದೆ.

ಜ್ವರ ಇಳಿದ ದಿನ, ಪಾದ್ರಿಗಳು ಪಕ್ಕದಲ್ಲಿದ್ದಾಗಲೇ, ಕೇಳಿದೆ. ಅವನ ಮುಖ ಅರಳಿತು. ಹೆಂಡತಿಯ ಹೆಸರು ರೋಸಾ ಎಂದ. ಹಿಂದೆಯೇ "ಎ ಲೇಯಿ?" ಎಂದ. ಮತ್ತೆ ನಿಮಗೆ?

ಧಾರವಾಡದಲ್ಲಿ ಯಾರೂ ಇದನ್ನು ಕೇಳುತ್ತಿರಲಿಲ್ಲ. ನನ್ನ ಬರಿ ಹಣೆ ನೋಡಿದರೆ ಸಾಕಿತ್ತು. ಪುಣೆಯಲ್ಲಿ ಖೋಲಿಗೆ, ಅಂದರೆ ಬಾಡಿಗೆ ಕೋಣೆಗೆ, ಹೋದಲ್ಲೆಲ್ಲ ಕೇಳಿದರು. ಉತ್ತರ ಕೇಳಿ ಬಾಗಿಲು ಹಾಕಿಕೊಂಡರು. ನಾನು ಉತ್ತರ ಬದಲಿಸಲಿಲ್ಲ. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲೇ ಉಳಿದೆ.

ಈಗ ಶಬ್ದಕ್ಕಾಗಿ ಪಾದ್ರಿಗಳತ್ತ ನೋಡಿದೆ. "ವೇದೊವಾ," ಎಂದು ಅವರು ಮೆಲ್ಲಗೆ ಹೇಳಿದರು. ಅರ್ಥ ಕೇಳಬೇಕಾಗಲಿಲ್ಲ. ವಿಧವೆ. ಅಷ್ಟು ದೂರದ ದೇಶದಲ್ಲೂ ಆ ಶಬ್ದ ನನಗಿಂತ ಮೊದಲೇ ಹೋಗಿ ಕುಳಿತಿತ್ತು.

ಕೈದಿಗೆ ಅದನ್ನೇ ಹೇಳಿದೆ. ಅವನು ಮುಖ ತಿರುಗಿಸಲಿಲ್ಲ. ಗಂಡನ ಹೆಸರೇನಿತ್ತು ಎಂದು ಕೇಳುತ್ತಿದ್ದಾನೆಂದು ಪಾದ್ರಿಗಳು ತಿಳಿಸಿದರು.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಅವರು ತೀರಿಕೊಂಡ ಮೇಲೆ ಮನೆಯವರೂ ನನ್ನೆದುರು ಆ ಹೆಸರು ಎತ್ತಿರಲಿಲ್ಲ. ನೆಟ್ಟಗೆ ನಿಂತು "ರಾಘವೇಂದ್ರ" ಎಂದೆ. ಅವನ ನಾಲಿಗೆ ತೊಡರಿತು. ನಾನು ತಿದ್ದಿದೆ. ಮತ್ತೆ ತಪ್ಪಿದ. ಮತ್ತೆ ಹೇಳಿದೆ, ಇನ್ನಷ್ಟು ಗಟ್ಟಿಯಾಗಿ.

ದೀಪಾವಳಿಗೆ ಊರಿಗೆ ಹೋದಾಗ ಅಣ್ಣ, "ಸಾಕವಾ ಆ ನೌಕರಿ, ಇಲ್ಲೇ ಇದ್ದುಬಿಡು," ಎಂದ.

"ಆಗೂದಿಲ್ಲಣ್ಣಾ. ನಾಳೆ ಮನಿಗೆ ಹೋಗಬೇಕು."

ಒಲೆಯ ಮುಂದಿದ್ದ ಅವ್ವ ತಿರುಗಿ ನೋಡಿದಳು. "ಹಂಗಾದ್ರ ಇದು ಯಾರ ಮನಿ?"

"ಇದೂ ನಂದ ಅವ್ವಾ," ಎಂದೆ. ಪುಣೆಯದೂ ಇದೂ, ಎರಡೂ ಸುಳ್ಳಲ್ಲ. ಅವಳು ನನ್ನ ಬುತ್ತಿಗೆಂದು ರೊಟ್ಟಿ ಬಡಿಯತೊಡಗಿದಳು. ನಾನು ಪಕ್ಕದಲ್ಲಿ ಕುಳಿತು ಹಿಟ್ಟು ನಾದಿಕೊಟ್ಟೆ.