ಊಟದ ಮೇಜಿನ ಮೇಲಿನ ವಿಮಾನ

ನಮ್ಮ ಮನೆಯ ಊಟದ ಮೇಜಿನ ಒಂದು ತುದಿಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿ, ಉಪ್ಪಿನ ಬಟ್ಟಲು, ನಮ್ಮತ್ತೆಯ ಮಾತ್ರೆಗಳ ಡಬ್ಬಿ ಇವೆ. ಇನ್ನೊಂದು ತುದಿಯಲ್ಲಿ ಒಂದು ವಿಮಾನವಿದೆ. ಗಾಬರಿಯಾಗಬೇಡಿ. ಒಂದು ಕಂಪ್ಯೂಟರು, ಸಾಧಾರಣಕ್ಕಿಂತ ತುಸು ಅಗಲವಾದ ಪರದೆ, ಕಾರಿನ ಗೇರಿನ ಹಾಗೆ ನೆಟ್ಟಗೆ ನಿಂತ ಒಂದು ಜಾಯ್‌ಸ್ಟಿಕ್ಕು, ಇಷ್ಟೇ. ಊಟಕ್ಕೆ ನಾಲ್ಕು ಜನ ಕೂತರೆ ಒಬ್ಬರ ತಟ್ಟೆ ರನ್‌ವೇಗೆ ಅಡ್ಡ ಬರುತ್ತದೆ. ಕುವೆಂಪುನಗರದ ಈ ಮನೆಗೆ ಬಂದವರೆಲ್ಲ ಮೊದಲು ಅದನ್ನು ನೋಡಿ, ಆಮೇಲೆ ನನ್ನ ನರೆತ ತಲೆಯನ್ನು ನೋಡಿ, "ಮೊಮ್ಮಕ್ಕಳದ್ದಾ?" ಎಂದು ಕೇಳುತ್ತಾರೆ. "ಅಲ್ಲ, ನನ್ನದೇ" ಎಂದರೆ ನಗುತ್ತಾರೆ. ಆ ನಗು ನನಗೆ ಎಂದೂ ಸೇರಿದ್ದಿಲ್ಲ.

ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸಹಾಯಕಿಯಾಗಿದ್ದವಳು ನಾನು. ಮುಳ್ಳು ಸೊನ್ನೆಯ ಮೇಲೆ ನಿಂತಿದೆಯೋ ಇಲ್ಲವೋ ನೋಡದೆ ಯಾವ ಉಪಕರಣವನ್ನೂ ಮುಟ್ಟಗೊಡದ ಹೆಂಗಸು ಎಂದು ಹುಡುಗರು ನನಗೆ ಏನೇನೋ ಅಡ್ಡಹೆಸರು ಇಟ್ಟಿದ್ದರಂತೆ. ನಿವೃತ್ತಿಯಾದ ವರ್ಷ ನನ್ನ ಮೈದುನ ಮಹದೇವ ಈ ಸರಂಜಾಮನ್ನೆಲ್ಲ ತಂದು ಜೋಡಿಸಿ, "ಹೊತ್ತು ಹೋಗ್ಬೇಕಲ್ಲ ಅತ್ತಿಗೆ, ಆಡ್ಕೊಳಿ" ಎಂದು ಹೇಳಿಹೋದ. ಅವನದು ಮಂಡಿ ಮೊಹಲ್ಲಾದಲ್ಲಿ ಒಣಮೆಣಸಿನಕಾಯಿ, ಧನಿಯದ ಸಗಟು ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರಿನಲ್ಲಿ ಅವನೂ ಹಾರಿಸುತ್ತಾನೆ. ಗಿರಾಕಿ ಬಂದರೆ ಒಂದು ಗುಂಡಿ ಒತ್ತಿ ವಿಮಾನವನ್ನು ಸಮುದ್ರದ ಮೇಲೆಯೇ ನಿಲ್ಲಿಸಿ, ಮೂಟೆ ತೂಗಿಸಿ ಕಳಿಸಿ, ಸೀನುತ್ತ ಬಂದು ಮತ್ತೆ ಹೊರಡಿಸುತ್ತಾನೆ.

ನಮ್ಮಿಬ್ಬರಿಗೂ ಜಗಳ ಹತ್ತಿದ್ದು ಈ ಗುಂಡಿಯ ಮೇಲೆಯೇ. "ನಿಲ್ಸೋ ಗುಂಡಿ ಇದ್ದಮೇಲೆ ಅದು ಆಟ ಕಣತ್ತಿಗೆ. ಗಾಳೀಲಿ ನಿಂತ್ಕೊಳೋ ವಿಮಾನ ಎಲ್ಲಾದ್ರೂ ನೋಡಿದ್ದೀರಾ?" ಎನ್ನುವುದು ಅವನ ವಾದ. ನಾನು ಬಿಡುವವಳೇ? ಆಟವೆಂದರೆ ಗೆಲುವು ಸೋಲು ಇರಬೇಕು, ಇಲ್ಲಿ ಯಾರನ್ನು ಗೆಲ್ಲುತ್ತೇನೆ? ಮೈಸೂರಿನಲ್ಲಿ ಈ ಹೊತ್ತು ಬೀಸುವ ಗಾಳಿಯೇ ನನ್ನ ಪರದೆಯ ಮೇಲೂ ಬೀಸುತ್ತದೆ. ತುಂಬಿದ ಇಂಧನದ ಭಾರಕ್ಕೆ ವಿಮಾನ ಏಳುವ ದೂರ ಬದಲಾಗುತ್ತದೆ. ಹೊರಡುವ ಮುನ್ನ ನೋಡಬೇಕಾದ ನಲವತ್ತು ಅಂಶಗಳ ಪಟ್ಟಿಯನ್ನು ನಾನು ಬಾಯಲ್ಲಿ ಹೇಳಿಕೊಂಡೇ ನೋಡುತ್ತೇನೆ. ಆ ಗುಂಡಿಯನ್ನಂತೂ ಕೈಯಲ್ಲಿ ಮುಟ್ಟುವುದಿಲ್ಲ. ಒಮ್ಮೆ ಮಂಜಿನಲ್ಲಿ ಎತ್ತರ ತಪ್ಪಿ ಚಾಮುಂಡಿಬೆಟ್ಟಕ್ಕೇ ಗುದ್ದಿಬಿಟ್ಟೆ. ಪರದೆ ಕಪ್ಪಾಗಿ, ಮರುಗಳಿಗೆಯಲ್ಲೇ ನನ್ನನ್ನು ಮಂಡಕಳ್ಳಿಯ ರನ್‌ವೇ ಮೇಲೆ ಏನೂ ಆಗಿಲ್ಲವೆಂಬಂತೆ ಕೂರಿಸಿತು. ಕಂಪ್ಯೂಟರಿಗೆ ಏನೂ ಆಗದಿರಬಹುದು, ನನಗೆ ಆಗಿತ್ತು. ಮುಂದಿನ ಶುಕ್ರವಾರ ಬಸ್ಸು ಹತ್ತಿ ಬೆಟ್ಟಕ್ಕೆ ಹೋಗಿ, ಹಣ್ಣುಕಾಯಿ ಮಾಡಿಸಿ, ತಪ್ಪಾಯಿತು ತಾಯಿ ಎಂದು ಬೇಡಿಕೊಂಡು ಬಂದೆ. ಆಟಕ್ಕೆ ಯಾರಾದರೂ ತಪ್ಪುಕಾಣಿಕೆ ಕೊಡುತ್ತಾರೆಯೇ, ನೀವೇ ಹೇಳಿ.

ಆದರೆ ಪ್ರಯೋಗಾಲಯದವಳು ನಾನು, ವಿರುದ್ಧ ಸಾಕ್ಷ್ಯವನ್ನು ಬಚ್ಚಿಡಬಾರದು. ಪೈಲಟ್ಟುಗಳ ತರಬೇತಿಗೆ ಕೋಣೆಯಷ್ಟು ದೊಡ್ಡ ಯಂತ್ರಗಳಿವೆ; ಅವು ಒಳಗಿದ್ದವರನ್ನು ಅಲುಗಿಸಿ, ಬೆವರಿಳಿಸುತ್ತವೆ, ಅಲ್ಲಿ ಕಳೆದ ಗಂಟೆಗಳು ಅವರ ಪುಸ್ತಕದಲ್ಲಿ ದಾಖಲಾಗುತ್ತವೆ. ನನ್ನ ಕುರ್ಚಿ ಅಲುಗುವುದಿಲ್ಲ, ಹೊಟ್ಟೆ ತೊಳಸುವುದಿಲ್ಲ, ನನ್ನ ಗಂಟೆಗಳನ್ನು ಬರೆದಿಡುವವರೂ ಇಲ್ಲ. ನಾನು ನಾಳೆ ಪೈಲಟ್ಟಾಗುವವಳೂ ಅಲ್ಲ. ಇಷ್ಟೆಲ್ಲ ಗೊತ್ತಿದ್ದೂ "ಆಟ" ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತಿತ್ತು.

ಯಾಕೆ ಉರಿಯುತ್ತಿತ್ತು ಎಂದು ಸ್ನೇಹಿತರಾದ ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಚಿಕ್ಕವಳಿದ್ದಾಗ ನನಗೆ ಒಂದು ಮರದ ಅಡುಗೆ ಸೆಟ್ಟು ಕೊಡಿಸಿದ್ದರು. ಬೆರಳುದ್ದದ ಒಲೆ, ಬೀಸುಕಲ್ಲು, ಒನಕೆ, ಮೊರ. ಆಡುತ್ತಿದ್ದೇನೆ ಎಂದುಕೊಂಡೇ ನಾನು ಮುಂದಿನ ಐವತ್ತು ವರ್ಷದ ಕೆಲಸವನ್ನು ಕಲಿತುಬಿಟ್ಟೆ. ಸಿಮ್ಯುಲೇಟರ್ ಎಂಬ ಪದ ನಮಗೆ ಹೊಸದಿರಬಹುದು, ವಸ್ತು ಹೊಸದಲ್ಲ. ಹೆಣ್ಣುಮಕ್ಕಳ ಕೈಗೆ ಅದನ್ನೇ ಆಟಿಕೆಯೆಂದು ಕೊಡುತ್ತ ಬಂದಿದ್ದಾರೆ. ಮತ್ತೆ ಅದೇ ಹೆಣ್ಣು ದೊಡ್ಡವಳಾಗಿ ಸುಮ್ಮನೆ ಕೂತು ಏನನ್ನಾದರೂ ಆಡಿದರೆ ಮನೆಯಲ್ಲಿ ಎಲ್ಲರಿಗೂ ಆಗಲೇ ಕಾಫಿ ಬೇಕಾಗುತ್ತದೆ. ಆಟವಾದರೆ ಏಳಬೇಕು, ಕೆಲಸವಾದರೆ ಕಾಯುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ನನ್ನ ದಿನದ ಒಂದು ಗಂಟೆಯನ್ನು ಯಾರೂ ಮುರಿಯದ ಹಾಗೆ ಕಾಪಾಡಿಕೊಳ್ಳಲು ಅದನ್ನು ಗಂಭೀರ ಕೆಲಸವೆಂದು ಸಾಧಿಸುವುದು ನನಗೆ ಅನಿವಾರ್ಯವಾಗಿತ್ತು.

ಈ ವಾದವನ್ನು ಚಕಾರವೆತ್ತದೆ ಒಪ್ಪಿಕೊಂಡವರು ಮನೆಯಲ್ಲಿ ಒಬ್ಬರೇ, ಎಂಬತ್ತೊಂದರ ನಮ್ಮತ್ತೆ. ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಹೊಲ ಗದ್ದೆ ನೋಡಿಕೊಂಡಿದ್ದು, ಮಾವ ಹೋದಮೇಲೆ ನಮ್ಮೊಂದಿಗೆ ಬಂದು ನೆಲೆಸಿದವರು. ನಾನು ಹಾರುತ್ತಿದ್ದರೆ ಅವರು ಮೇಜಿನ ಆ ತುದಿಯಲ್ಲಿ ಅವರೆಕಾಯಿ ಸುಲಿಯುತ್ತ, ಆಗಾಗ "ಇಳೀತಾ?" ಎಂದು ವಿಚಾರಿಸುವರು. ಬಾಗಿಲಿಗೆ ಯಾರಾದರೂ ಬಂದರೆ, "ಅವ್ಳು ಇಮಾನ ಇಳಿಸ್ತಾವ್ಳೆ, ಆಮೇಕ್ ಬನ್ನಿ" ಎಂದು ಗೇಟಿನಿಂದಲೇ ಸಾಗಹಾಕುವರು. ಅದರೊಳಗೆ ಜನ ಕೂತಿದ್ದಾರೆಂದು ಪಾಪ ಈ ಮುದುಕಿ ನಂಬಿದ್ದಾರೆ ಎಂದು ನಾನು ಒಳಗೊಳಗೇ ನಕ್ಕು, ಆ ನಂಬಿಕೆಯ ಲಾಭವನ್ನು ಧಾರಾಳವಾಗಿ ಪಡೆದುಕೊಂಡೆ.

ಆ ಭಾನುವಾರ ಸಾಯಂಕಾಲ ನನ್ನ ಯಜಮಾನರು ಹೊರಗೆ ಹೋಗಿದ್ದರು. ಅಡ್ಡಗಾಳಿ ಜೋರಾಗಿತ್ತು, ನಾನು ಬೆಂಗಳೂರಿನಿಂದ ಬಂದು ಮಂಡಕಳ್ಳಿಗೆ ಇಳಿಯುವ ಸಾಲಿನಲ್ಲಿದ್ದೆ. ಬಚ್ಚಲಿನ ಕಡೆಯಿಂದ ಧಡಾರೆಂದು ಸದ್ದಾಯಿತು. "ಏನತ್ತೆ ಅದು?" ಎಂದು ಪರದೆಯಿಂದ ಕಣ್ಣು ತೆಗೆಯದೆ ಕೂಗಿದೆ. "ಏನಿಲ್ಲ, ನೀನು ಇಳ್ಸವ್ವ" ಎಂದರು. ಇಳಿಸಿದೆ. ಅಷ್ಟು ನಯವಾಗಿ ಅದಕ್ಕೆ ಮೊದಲೂ ಇಳಿಸಿರಲಿಲ್ಲ, ಆಮೇಲೂ ಇಳಿಸಿಲ್ಲ. ಇಳಿದಮೇಲೆ ಏನು ಮಾಡಿದೆ ಗೊತ್ತೇ? ವಿಮಾನವನ್ನು ನಿಲ್ದಾಣದ ತನಕ ಒಯ್ದು, ದೀಪ ಆರಿಸಿ, ಎಂಜಿನ್ನು ತಣಿಯಲು ಬಿಟ್ಟು, ಪಟ್ಟಿಯಲ್ಲಿದ್ದುದನ್ನೆಲ್ಲ ಒಂದೂ ಬಿಡದೆ ಮುಗಿಸಿ ಎದ್ದೆ. ಹತ್ತು ಹನ್ನೆರಡು ನಿಮಿಷವಾಗಿರಬೇಕು. ಅತ್ತೆ ಬಚ್ಚಲಿನ ಗೋಡೆಗೆ ಒರಗಿ, ನೆನೆದ ಸೀರೆಯಲ್ಲಿ ನಡುಗುತ್ತ, ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೂತಿದ್ದರು. ಮಣಿಕಟ್ಟು ಊದಿ ಓರೆಯಾಗಿತ್ತು. ನನ್ನನ್ನು ಕಂಡು, "ಇಳೀತಾ?" ಎಂದರು.

ಮಹದೇವ ಅಂಗಡಿಯಿಂದ ಕಾರು ತಂದ. ಆಸ್ಪತ್ರೆಯಲ್ಲಿ ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿದಮೇಲೆ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತು, "ಒಂದು ಗುಂಡಿ ಒತ್ತಿದ್ರೆ ಸಾಕಾಗಿತ್ತಲ್ಲ ಅತ್ತಿಗೆ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಬಿದ್ದದ್ದು ಅವನನ್ನು ಹೆತ್ತವಳು. ಮನೆಗೆ ಬಂದವಳೇ ಜಾಯ್‌ಸ್ಟಿಕ್ಕನ್ನು ಹಳೆಯ ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿದೆ. ಇಲ್ಲದ ಪ್ರಯಾಣಿಕರ ಕ್ಷೇಮಕ್ಕೆಂದು ಇರುವ ಒಂದು ಜೀವವನ್ನು ತಣ್ಣನೆಯ ನೆಲದ ಮೇಲೆ ಕಾಯಿಸಿದ್ದೆ. ಎಂಬತ್ತೊಂದರ ಮುಗ್ಧೆಗೆ ನನ್ನ ಸುಳ್ಳನ್ನು ನಂಬಿಸಿದ್ದಕ್ಕೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮೂರು ವಾರ ಹಾಗೆಯೇ ಕಳೆಯಿತು. ಬಲಗೈಗೆ ಕಟ್ಟು ಹಾಕಿದ್ದರಿಂದ ಅತ್ತೆಗೆ ದಿನಾ ಬೆಳಿಗ್ಗೆ ನಾನೇ ತಲೆ ಬಾಚುತ್ತಿದ್ದೆ. ಒಂದು ದಿನ ಬಿಸಿಲಿಗೆ ಕೂತಿದ್ದಾಗ ಅವರು, "ಯಾಕವ್ವ, ಇಮಾನ ಬುಟ್ಬುಟ್ಯಾ?" ಎಂದು ಕೇಳಿದರು.

"ಅದೆಲ್ಲ ಸುಳ್ಳು ಅತ್ತೆ. ಅದರೊಳಗೆ ಯಾರೂ ಜನ ಇರಲ್ಲ. ನಾನು ನಿಮಗೆ ಮೊದಲೇ ಹೇಳಬೇಕಾಗಿತ್ತು" ಎಂದೆ.

ಅತ್ತೆ ಕತ್ತು ತಿರುಗಿಸಿ, ನಾನೇನೋ ತಮಾಷೆ ಮಾಡುತ್ತಿದ್ದೇನೆ ಎನ್ನುವ ಹಾಗೆ ನೋಡಿದರು. "ಜನ ಇರ್ತಾರೆ ಅಂತ ಯಾವಳು ಅಂದ್ಳು? ನಂಗೇನು ಕಣ್ಣಿಲ್ವಾ? ಆಟ ಅದು."

"ಮತ್ತೆ ಬಿದ್ದಾಗ ನನ್ನನ್ನ ಯಾಕೆ ಕರೀಲಿಲ್ಲ?"

"ಕೆಲ್ಸ ಮಾಡ್ತಾ ಇದ್ದಿದ್ರೆ ಕರೀತಿದ್ದೆ ಕಣವ್ವ. ಸೊಸೆಯಾಗಿ ಬಂದಾಗಿಂದ ನೀನು ಕೆಲ್ಸದಲ್ಲಿರೋವಾಗ ನಿನ್ನ ಎಷ್ಟು ಕಿತ ಕೂಗಿಲ್ಲ ನಾನು? ಉಣ್ಣೋ ತಟ್ಟೆ ಮುಂದ್ಲಿಂದ್ಲೂ ಎಬ್ಸಿವ್ನಿ. ನೀನು ಕುಂತು ಆಡಿದ್ದು ನಾನು ಕಂಡಿದ್ದೇ ಇದೊಂದು. ಅದ್ರಿಂದ್ಲೂ ಎಬ್ಸಕೆ ಮನ್ಸು ಬರ್ನಿಲ್ಲ."

ನನ್ನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಎಂಥ ಘನಂದಾರಿ ಸಿದ್ಧಾಂತ ಕಟ್ಟಿಕೊಂಡಿದ್ದೆ ನಾನು, ಅದೂ ತಲೆಕೆಳಗಾಗಿ! ಅತ್ತೆಯ ಭುಜದ ಮೇಲೆ ಮುಖವಿಟ್ಟು ಅತ್ತುಬಿಟ್ಟೆ. "ಅಳೋದು ಆಮೇಕ್ ಅತ್ಕೋ, ಸಿಕ್ಕು ಬುಡ್ಸು ಮೊದ್ಲು" ಎಂದು ಗದರಿದರು.

ಅದರ ಮರುವಾರ, ಬಚ್ಚಲಿಗೆ ಹಿಡಿದುಕೊಳ್ಳುವ ಕಂಬಿ ಹಾಕಿಸಿ, ಜಾಯ್‌ಸ್ಟಿಕ್ಕನ್ನು ಅಟ್ಟದಿಂದ ಇಳಿಸಿ, ಅತ್ತೆಯನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಹಾರುತ್ತಿದ್ದಾಗ ಮಹದೇವ ಫೋನು ಮಾಡಿದ. ಏನು ಮಾಡ್ತಾ ಇದ್ದೀರಿ ಅತ್ತಿಗೆ ಎಂದು ಕೇಳಿದ.

"ಆಟ ಆಡ್ತಾ ಇದ್ದೀನಿ ಕಣಪ್ಪ, ಆಮೇಲೆ ಮಾಡು" ಎಂದು ಫೋನಿಟ್ಟೆ.