ಪುಳಿಯೋಗರೆಗೊಂದು ಬೇಟೆಯ ಚೀಲ

ನಾನು ಈ ಜನ್ಮದಲ್ಲಿ ಸೊಳ್ಳೆಯನ್ನು ಬಿಟ್ಟರೆ ಇನ್ಯಾವ ಜೀವಿಯನ್ನೂ ಬೇಟೆಯಾಡಿದವನಲ್ಲ. ಅದರಲ್ಲೂ ಗೆದ್ದದ್ದು ಹೆಚ್ಚಾಗಿ ಸೊಳ್ಳೆಯೇ. ಅಂಥವನು ಕಳೆದ ಏಪ್ರಿಲಿನಲ್ಲಿ ಬೇಟೆಗಾರರ ಅಂಗಡಿಗೆ ಹೋಗಿ, ಗೋಡೆಯ ಮೇಲಿನ ಜಿಂಕೆತಲೆಗಳ ಗಾಜಿನ ಕಣ್ಣುಗಳನ್ನು ತಪ್ಪಿಸುತ್ತಾ, ಐವತ್ತು ಪೌಂಡ್ ಹೊರುವಂಥ ಬ್ಯಾಕ್‌ಪ್ಯಾಕ್ ತೋರಿಸಿ ಎಂದು ಕೇಳಿದೆ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹೆಂಡತಿ ವಸುಧಾಳೂ ಮೊದಲು ನಂಬಲಿಲ್ಲ.

ಆದರೆ ಕಾರಣ ಅವಳೇ. ಪ್ರತಿ ಮೇ ತಿಂಗಳಲ್ಲಿ ನಾವಿಬ್ಬರೂ ಕೆಂಡಲ್ ಪಾರ್ಕ್ ಎಂಬ ಊರಿನ ನಮ್ಮ ಮನೆಗೆ ಬೀಗ ಹಾಕಿ, ನ್ಯೂಜೆರ್ಸಿಯ ವಾಯವ್ಯ ಮೂಲೆಯ ಒಂದು ಬೆಟ್ಟ ಹತ್ತಿ, ತುದಿಯ ಬಂಡೆಯ ಮೇಲೆ ಕೂತು ಡೆಲವೇರ್ ನದಿ ನೋಡುತ್ತಾ ಪುಳಿಯೋಗರೆ ತಿಂದು ಬರುವುದು ಬಹಳ ವರ್ಷಗಳ ರೂಢಿ. ಬುತ್ತಿ ಅವಳ ಬೆನ್ನಿಗೆ, ನೀರು ನನ್ನ ಬೆನ್ನಿಗೆ. ಕಳೆದ ಸೆಪ್ಟೆಂಬರಿನಲ್ಲಿ ಅವಳಿಗೆ ಹೃದಯದ ವಾಲ್ವಿನ ಆಪರೇಷನ್ ಆಯಿತು. ಎದೆಯ ಮೂಳೆ ಕೂಡಿಕೊಳ್ಳುವ ತನಕ ಹಾಲಿನ ಗ್ಯಾಲನ್ ಕೂಡ ಎತ್ತುವಂತಿಲ್ಲ, ಕೆಮ್ಮಿದರೂ ನಕ್ಕರೂ ಎದೆಗೊಂದು ದಿಂಬು ಒತ್ತಿಕೊಳ್ಳಬೇಕು. ಮೂಳೆ ಕೂಡಿದ ಮೇಲೂ ಭಯಕ್ಕೆ ಆ ದಿಂಬು ಕೈ ಬಿಡಲಿಲ್ಲ. ಮಾರ್ಚಿನಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಧಾರಾಳವಾಗಿ ನಡೆಯಿರಿ, ಬೆಟ್ಟವನ್ನೂ ಹತ್ತಿ ಎಂದರು. ಕಾರಿನಲ್ಲಿ ಕೂತವಳೇ ತನ್ನ ಧಾರವಾಡದ ಮಾತಿನಲ್ಲಿ, "ಹಂಗಾರ ಮೇದಾಗ ಬೆಟ್ಟಕ್ಕ ಹೋಗೋಣ್ರೀ," ಎಂದಳು.

ನಾನು ಮೈಸೂರಿನವನು, ಹೂಂ ಎನ್ನುವ ಮೊದಲು ಹೆದರಿಬಿಡುವವನು. ನಡುದಾರಿಯಲ್ಲಿ ಅವಳಿಗೆ ಸುಸ್ತಾದರೆ? ಮಳೆ ಬಂದರೆ? ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ. ಇಡೀ ಚಳಿಗಾಲ ಕಿಟಕಿಯ ಪಕ್ಕ ಕೂತು ಹಿಮ ನೋಡಿದವಳು ಅವಳು. ಹೋಗುವುದೇ ಸೈ, ಆದರೆ ಅವಳ ಕೈಯಲ್ಲಿ ಒಂದು ಕರವಸ್ತ್ರವೂ ಇರಕೂಡದು, ಇಬ್ಬರ ಪಾಲನ್ನೂ ನಾನೇ ಹೊರುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಭಾರ ಹೊರುವ ಚೀಲ ಹುಡುಕುತ್ತಾ ಹೋದರೆ ಇಂಟರ್ನೆಟ್ಟು ನನ್ನನ್ನು ನೇರವಾಗಿ ಬೇಟೆಗಾರರ ಕೈಗೆ ಒಪ್ಪಿಸಿತು.

ಅಂಗಡಿಯ ಹ್ಯಾಂಕ್ ಎಂಬ ಬಿಳಿಗಡ್ಡದ ಮನುಷ್ಯ, "ಏನು ಹೊಡೀತೀರಿ, ಜಿಂಕೆಯೋ ಕರಡಿಯೋ?" ಎಂದು ಕೇಳಿದ.

"ಏನೂ ಇಲ್ಲ. ಒಂದು ಮಡಚುವ ಕುರ್ಚಿ, ಸ್ವಲ್ಪ ಅನ್ನ," ಎಂದೆ. ಪುಣ್ಯಾತ್ಮ ನಗಲಿಲ್ಲ. ಬೇಟೆಯ ಚೀಲವೆಂದರೆ ಬೆನ್ನಿಗೊಂದು ಗಟ್ಟಿ ಚೌಕಟ್ಟು, ಅದಕ್ಕೆ ಬಿಗಿದ ಚೀಲ, ಎರಡರ ನಡುವೆ ಹೊಡೆದ ಪ್ರಾಣಿಯ ಮಾಂಸ ಇಡಲು ಜಾಗ. ಆ ಜಾಗ ತೋರಿಸುತ್ತಾ, "ನಿಮ್ಮ ಕುರ್ಚಿ ಇಲ್ಲಿ ಚೆನ್ನಾಗಿ ಕೂರುತ್ತೆ," ಎಂದ. ನಮ್ಮಜ್ಜಿ ಬದುಕಿದ್ದರೆ ಆ ಚೀಲವನ್ನು ಅಂಗಳದಾಚೆಯೇ ನಿಲ್ಲಿಸುತ್ತಿದ್ದರು.

ಆಮೇಲೆ ಅಳತೆ. ಐದು ಅಡಿ ಹತ್ತು ಇಂಚಿನ ನನಗೆ ಲಾರ್ಜ್ ಸೈಜೇ ಎಂದು ನಾನು ಬೀಗಿಕೊಂಡಿದ್ದೆ. ಹ್ಯಾಂಕ್ ಕತ್ತು ಬಗ್ಗಿಸಲು ಹೇಳಿ, ಕುತ್ತಿಗೆಯ ಬುಡದ ಉಬ್ಬು ಮೂಳೆಯಿಂದ ಸೊಂಟದ ಮೂಳೆಯವರೆಗೆ ಟೇಪು ಹಿಡಿದು, "ಸ್ಮಾಲ್," ಎಂದ. ನನ್ನ ಎತ್ತರವೆಲ್ಲ ಕಾಲಿನಲ್ಲೇ ಇದೆಯಂತೆ. ಸೊಂಟದ ಮೂಳೆ ಸಿಗುವುದಕ್ಕೂ ಅವನು ಸ್ವಲ್ಪ ಹುಡುಕಾಡಬೇಕಾಯಿತು. ಮೂವತ್ತು ವರ್ಷದ ಕುರ್ಚಿ ಕೆಲಸ ಅದನ್ನು ಬಹಳ ಭದ್ರವಾಗಿ ಮುಚ್ಚಿಟ್ಟಿತ್ತು.

ಚೀಲಕ್ಕೆ ಮರಳುಮೂಟೆ ತುಂಬಿ ಬೆನ್ನಿಗೇರಿಸಿದ. ಮೊದಲು ಭುಜದ ಪಟ್ಟಿಗಳನ್ನೆಲ್ಲ ಸಡಿಲ ಬಿಡಬೇಕು, ಸೊಂಟದ ಬೆಲ್ಟನ್ನು ಮೂಳೆಯ ಮೇಲೆ ಸರಿಯಾಗಿ ಕೂರಿಸಿ ಬಿಗಿಯಬೇಕು, ಆಮೇಲಷ್ಟೇ ಭುಜದ್ದು. ಹೆಗಲಿನ ಕೆಲಸ ಚೀಲ ಹಿಂದಕ್ಕೆ ವಾಲದಂತೆ ನೋಡಿಕೊಳ್ಳುವುದು ಮಾತ್ರ, ಹೊರುವುದು ಸೊಂಟ. ಇದನ್ನು ಕೇಳಿದಾಗ ನನಗೆ ನಮ್ಮ ಹೆಂಗಸರ ನೆನಪಾಯಿತು. ಒಂದು ಕೊಡ ಸೊಂಟದಲ್ಲಿ, ಇನ್ನೊಂದು ತಲೆಯ ಮೇಲೆ ಬಟ್ಟೆಯ ಸಿಂಬಿ ಸುತ್ತಿ ಅದರ ಮೇಲೆ. ಭಾರ ಮೂಳೆಯ ಮೇಲೆ ಕೂರಬೇಕು, ಮಾಂಸದ ಮೇಲಲ್ಲ ಎಂಬ ವಿದ್ಯೆ ಅವರಿಗೆ ಯಾರೂ ಟೇಪು ಹಿಡಿಯದೆ ಬಂದಿತ್ತು. ನಾವು ಗಂಡಸರು ಜವಾಬ್ದಾರಿಯನ್ನೆಲ್ಲ ಹೆಗಲ ಮೇಲೆ ಹೊತ್ತಿದ್ದೇವೆ ಎಂದು ಭಾಷಣ ಮಾಡಿದೆವೇ ಹೊರತು, ಅದಕ್ಕೆ ಸೊಂಟ ಎಷ್ಟು ಒಳ್ಳೆಯದೆಂದು ಯೋಚಿಸಲಿಲ್ಲ.

"ಭಾರವಾದದ್ದು ಬೆನ್ನಿಗೆ ಅಂಟಿಕೊಂಡು, ಮೇಲುಭಾಗದಲ್ಲಿರಲಿ," ಎಂದು ಹ್ಯಾಂಕ್ ಕಳಿಸುವಾಗ ಹೇಳಿದ. ನಾನು ತಲೆಯಾಡಿಸಿದೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಇಂಡಿಯಾಕ್ಕೆ ಹೋಗಿಬರಲು ಅರವತ್ತು ಸೂಟ್‌ಕೇಸಾದರೂ ಕಟ್ಟಿರುವ ನನಗೆ ಪ್ಯಾಕಿಂಗ್ ಹೇಳಿಕೊಡುವುದೇ? ಮನೆಗೆ ಬಂದು ಭಾರದ್ದೆಲ್ಲ ಬುಡಕ್ಕೆ, ಒಡೆಯುವುದೆಲ್ಲ ಟವಲಿನ ನಡುವೆ ಎಂಬ ನಮ್ಮ ಶಾಸ್ತ್ರದ ಪ್ರಕಾರ ತುಂಬಿ, ಏರ್‌ಪೋರ್ಟಿಗೆ ಹೊರಡುವ ಮೊದಲು ಬಳಸುವ ಕೊಕ್ಕೆಯ ತಕ್ಕಡಿಗೆ ನೇತುಹಾಕಿದೆ. ನಲವತ್ತೊಂಬತ್ತೂವರೆ ಪೌಂಡ್. ವಿಮಾನದವರ ಐವತ್ತರ ಮಿತಿಗೆ ಇನ್ನೂ ಅರ್ಧ ಪೌಂಡ್ ಉಳಿದಿದೆಯಲ್ಲ ಎಂದು ಒಂದು ಪ್ಯಾಕೆಟ್ ಕೋಡುಬಳೆಯನ್ನೂ ತುರುಕಿದೆ. ಬೆಟ್ಟದ ಬುಡದಲ್ಲಿ ಯಾವ ಏರ್‌ಲೈನಿನವರೂ ತೂಗುವುದಿಲ್ಲ ಎಂಬುದು ಹೊಳೆಯಲೇ ಇಲ್ಲ.

ಚೀಲ ಹಾಕಿಕೊಂಡು ಡ್ರೈವ್‌ವೇಯಲ್ಲಿ ನಾಲ್ಕು ಹೆಜ್ಜೆ ಇಟ್ಟೆ. ಐದನೆಯದಕ್ಕೆ ಹಿಂದಕ್ಕೆ ವಾಲಿ ಹುಲ್ಲಿನ ಮೇಲೆ ಅಂಗಾತ ಬಿದ್ದೆ. ಬಾಗಿಲಲ್ಲಿ ನಿಂತಿದ್ದ ವಸುಧಾ, "ಅದು ಸೂಟ್‌ಕೇಸ್ ಅಲ್ರೀ, ಅದಕ್ಕ ಗಾಲಿ ಇಲ್ಲ," ಎಂದು ನಗತೊಡಗಿದಳು. ಬಿದ್ದಲ್ಲಿಂದಲೇ ನೋಡಿದೆ. ಎದೆಗೆ ದಿಂಬು ಇರಲಿಲ್ಲ, ಎರಡೂ ಕೈ ಬಿಟ್ಟು ನಗುತ್ತಿದ್ದಳು. ಆಪರೇಷನ್ ಆದಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಿದ್ದೆ.

ಹ್ಯಾಂಕ್ ಹೇಳಿದಂತೆ ಭಾರದ್ದನ್ನೆಲ್ಲ ಮೇಲಕ್ಕೆ, ಬೆನ್ನಿಗೆ ಅಂಟಿಸಿ ಚೀಲವನ್ನು ಮತ್ತೆ ತುಂಬಿದೆ. ಮೇ ತಿಂಗಳ ಎರಡನೆಯ ಶನಿವಾರ ಹೊರಟೆವು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಟ್ಟಿದವನು ಐವತ್ತು ಪೌಂಡ್ ಹೊತ್ತಿದ್ದನೋ ಇಲ್ಲವೋ, ನನಗಂತೂ ಮೊದಲ ಏರಿನಲ್ಲೇ ಅದರ ಅರ್ಥ ಬಿಡಿಬಿಡಿಯಾಗಿ ತಿಳಿಯಿತು. ಆದರೂ ಇನ್ನೂರು ಹೆಜ್ಜೆಗೊಮ್ಮೆ ಅವಳನ್ನು ನಿಲ್ಲಿಸಿ, ಕುರ್ಚಿ ಬಿಡಿಸಿ ಕೂರಿಸಿ, ಬಿಪಿ ನೋಡುತ್ತಿದ್ದೆ. ಮೂರನೆಯ ಸಲ ಅವಳು ಕೂರಲಿಲ್ಲ. ಕೆಳಗಿಟ್ಟಿದ್ದ ಚೀಲದ ಬಾಯಿ ಬಿಚ್ಚಿ, ಪುಳಿಯೋಗರೆಯ ಡಬ್ಬಿಯನ್ನೂ ಕಾಫಿಯ ಫ್ಲಾಸ್ಕನ್ನೂ ತೆಗೆದು, ಜಾಕೆಟ್ಟಿನ ಜೇಬಿನಿಂದ ಒಂದು ಬಟ್ಟೆಯ ಚೀಲ ಎಳೆದು ಅದಕ್ಕೆ ಹಾಕಿಕೊಂಡಳು.

"ವಸು, ಬೇಡ. ಏನಾದ್ರೂ ಆದ್ರೆ?" ಎಂದೆ.

"ಡಾಕ್ಟರ್ ಏನಂದ್ರು? ನಡೀರಿ ಅಂದ್ರು, ಬೆಟ್ಟ ಹತ್ರಿ ಅಂದ್ರು, ಸ್ವಲ್ಪ ಸ್ವಲ್ಪ ಭಾರಾನೂ ಎತ್ರಿ ಅಂದ್ರು. ನೀವು ಮೊದಲಿನ ಎರಡಷ್ಟ ಮನಿಗೆ ತಂದ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. "ಎಂಟು ತಿಂಗಳಾತು, ಎಲ್ಲಾ ನೀವ ಹೊರ್ತೀರಿ. ನಾನೂ ಒಂದು ಸಾಮಾನ ಆಗೀನೇನೋ ಅನ್ನಿಸ್ತದ."

ನಿಮ್ಮಲ್ಲಿ ಮುಚ್ಚುಮರೆ ಏಕೆ, ಡಾಕ್ಟರ ಮೂರನೆಯ ಮಾತೂ ನನ್ನ ಕಿವಿಗೆ ಬಿದ್ದಿತ್ತು. ಅದನ್ನು ನಾನು ಬೇಕೆಂದೇ ಆಸ್ಪತ್ರೆಯಲ್ಲಿ ಬಿಟ್ಟುಬಂದಿದ್ದೆ. ಆ ಚೀಲದಲ್ಲಿ ಊಟ ಎಂದು ಇದ್ದದ್ದು ಎಂಟು ಪೌಂಡ್ ಇರಬಹುದು. ಉಳಿದ ಕುರ್ಚಿ, ಕಂಬಳಿ, ಎರಡೆರಡು ರೇನ್‌ಕೋಟು, ಬಿಪಿ ಯಂತ್ರ, ಅದರ ಮೇಲೊಂದಿಷ್ಟು ನೀರು, ಎಲ್ಲವೂ ನನ್ನ ಹೆದರಿಕೆಯೇ. ಅವಳ ಭಾರ ಹೊರುತ್ತಿದ್ದೇನೆ ಎಂದುಕೊಂಡು ನಾನು ನನ್ನದನ್ನೇ ಹೊತ್ತಿದ್ದೆ. ಚೀಲ ಎತ್ತಿಕೊಂಡೆ.

ಡಬ್ಬಿ ಹೊರಬಂದದ್ದರಿಂದ ಒಳಗಿದ್ದದ್ದೆಲ್ಲ ಜರುಗಿ ಬೆಲ್ಟು ಸಡಿಲವಾಗಿತ್ತು. ಭುಜದ ಪಟ್ಟಿ ಬಿಟ್ಟು, ಸೊಂಟದ ಮೂಳೆ ಮತ್ತೆ ಹುಡುಕಿ, ಬಿಗಿದು ತಲೆಯೆತ್ತುವಷ್ಟರಲ್ಲಿ ಅವಳು ಮುಂದಿನ ತಿರುವು ದಾಟಿ ಕಾಣದಾಗಿದ್ದಳು.

"ವಸೂ, ನಿಲ್ಲು," ಎಂದು ಕೂಗಿದೆ.

ಓಕ್ ಮರಗಳ ಹಿಂದಿನಿಂದ ಉತ್ತರ ಬಂತು. "ನೀವು ಸಾವಕಾಶ ಬರ್ರಿ. ಸುಸ್ತಾದ್ರ ಅಲ್ಲೇ ಕುರ್ಚಿ ಹಾಕ್ಕೊಂಡು ಕೂಡ್ರಿ. ನಾ ಮ್ಯಾಲೆ ಇರ್ತೀನಿ."